ಶಾಲ್ಮಲಾ ನದಿಯ ಮೇಲೆ ಇಮ್ಮರ್ಸಿವ್ ಚಿತ್ರ ಮಾಡಬೇಕು. ಹೆಡ್‌ಸೆಟ್‌ಗೆ ಮಾಡಲಾ, ಡೋಮ್‌ಗೆ ಮಾಡಲಾ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಕುಳಿತೆ. ಧಾರವಾಡದ ಸೋಮೇಶ್ವರ ಗುಡಿಯಿಂದ, ನದಿ ಸಮುದ್ರ ಸೇರುವ ಮಂಜಗುಣಿ ಅಳಿವೆಯವರೆಗೆ ಇಪ್ಪತ್ತು ನಿಮಿಷದ ಚಿತ್ರ. ನೋಡುವವರಿಗೆ ನದಿಯೊಳಗೇ ಕೂತ ಹಾಗೆ ಅನಿಸಬೇಕು. ನಿಮ್ಮ ಕೈಯಲ್ಲಿ ಮೂರು ಲಕ್ಷ ಇದೆ, ಜನವರಿಯಲ್ಲಿ ಹತ್ತು ದಿನ ರಜೆ ಇದೆ. ನಾನೂ ಹೀಗೇ ಹೊರಟಿದ್ದೆ. ನನ್ನ ಹತ್ತಿರ ಇದ್ದದ್ದು ಎರಡು ಲಕ್ಷ ಹತ್ತು ಸಾವಿರ, ಅಷ್ಟೇ ವ್ಯತ್ಯಾಸ.

ಒಬ್ಬೊಬ್ಬರು ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ಟಾ, ಎಲ್ಲರೂ ಒಳಗೆ ಕೂತು ನೋಡುವ ಗುಮ್ಮಟದಂಥ ಡೋಮಾ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ನನಗೆ ಏನಾಯಿತು ಅಂತ ಕೇಳಿ.

ನಾನು ಹುಬ್ಬಳ್ಳಿಯಲ್ಲಿ ಮದುವೆ ವಿಡಿಯೋ ಮಾಡುತ್ತೇನೆ. ಊರು ಗದಗಿನ ಕಡೆ. ಧಾರವಾಡದಲ್ಲಿ ಓದುವಾಗ ಸೋಮವಾರ ಸೋಮೇಶ್ವರ ಗುಡಿಗೆ ಹೋಗುವ ರೂಢಿ ಇತ್ತು. ಅಲ್ಲಿನ ಆ ಸಣ್ಣ ನೀರು ಕಲಘಟಗಿ ಕಡೆ ಹೋಗಿ ಬೇಡ್ತಿ ಆಗುತ್ತದೆ, ಯಲ್ಲಾಪುರದ ಕಾಡು ಹೊಕ್ಕು ಮಾಗೋಡಿನಲ್ಲಿ ಎರಡು ಹಂತದಲ್ಲಿ ಸುಮಾರು 200 ಮೀಟರ್ ಕೆಳಗೆ ಧುಮುಕುತ್ತದೆ, ಗಂಗಾವಳಿ ಅನ್ನಿಸಿಕೊಂಡು ಅಂಕೋಲಾ ಗೋಕರ್ಣದ ನಡುವೆ ಸಮುದ್ರ ಸೇರುತ್ತದೆ ಅಂದರೆ ನನಗೆ ನಂಬಿಕೆಯೇ ಬರುತ್ತಿರಲಿಲ್ಲ. ಎಲ್ಲ ಸೇರಿ 150 ಕಿಲೋಮೀಟರ್ ಆಸುಪಾಸು. ಹುಬ್ಬಳ್ಳಿಯ ಆಚೆ ಮಗ್ಗುಲಲ್ಲಿ ಬಿದ್ದ ಮಳೆ ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಈಚೆಯದು ಪಶ್ಚಿಮಕ್ಕೆ ಇಳಿಯುತ್ತದೆ. ಈ ಪಶ್ಚಿಮದ ನೀರಿನ ಜೊತೆ ಹೋಗಬೇಕು ಅನ್ನುವ ಆಸೆ ಕಾಲೇಜಿನಿಂದ ಇತ್ತು.

ಒಂದು ಮದುವೆಗೆ ಅಂತ 360 ಡಿಗ್ರಿ ಕ್ಯಾಮೆರಾ ತಂದಾಗ ಆ ಆಸೆ ಎದ್ದು ಕುಳಿತಿತು. ನಾಟಕಗಳಿಗೆ ಸೌಂಡ್ ಮಾಡುವ ಗೆಳೆಯನನ್ನು ಕರೆದುಕೊಂಡು ಜನವರಿಯಲ್ಲಿ ಹೊರಟೆ. ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಲು ಮೂರು ತಾಸು. ಅಲ್ಲಿಂದ ಮಂಜಗುಣಿ ಹತ್ತಿರವೇ. ಒಂಬತ್ತು ದಿನ ಉಳಿದೆವು.

ಮದುವೆ ಕೆಲಸ ಕಲಿಸುವ ಮೊದಲ ಪಾಠ ಬೆಳಕು. ಬೆಳಿಗ್ಗೆ ಆರೂಮುಕ್ಕಾಲಿಂದ ಏಳೂವರೆ, ಮೆತ್ತನೆ ಬೆಳಕು, ಗಾಳಿ ಇಲ್ಲ, ನೀರು ಕನ್ನಡಿ ಹಾಗೆ. ಒಂಬತ್ತು ದಿನವೂ ಅದೇ ಹೊತ್ತಿಗೆ ಹೋಗಿ ಕ್ಯಾಮೆರಾ ನಿಲ್ಲಿಸಿದೆ. ಹಗಲು ಮಲಗಿದೆ, ಬ್ಯಾಟರಿ ಚಾರ್ಜ್ ಮಾಡಿದೆ, ಮೀನೂಟ ಮಾಡಿದೆ. ಸೂರ್ಯನ ವೇಳಾಪಟ್ಟಿ ನನ್ನ ಬಾಯಲ್ಲೇ ಇತ್ತು. ನೀರಿಗೂ ಒಂದು ವೇಳಾಪಟ್ಟಿ ಇದೆ ಅಂತ ಯೋಚಿಸಲೇ ಇಲ್ಲ.

ಎಂಟನೆಯ ದಿನ, ಅಮಾವಾಸ್ಯೆ ಬೆಳಿಗ್ಗೆ, ದಟ್ಟ ಮಂಜು. ಸುತ್ತ ಬಿಳಿ ಬಿಟ್ಟರೆ ಏನೂ ಇಲ್ಲ. ದಂಡೆ ಕಾಣುವುದಿಲ್ಲ, ಗುಡ್ಡ ಕಾಣುವುದಿಲ್ಲ. ನೀರಲ್ಲಿ ಊರಿದ ಕಂಬದ ಮೇಲೆ ಕ್ಯಾಮೆರಾ, ಅದರ ಕೆಳಗೆ ನಾಲ್ಕು ಮೈಕಿನ ರೆಕಾರ್ಡರ್. ಆಗ ಒಂದು ಅಡಿಕೆ ಹಾಳೆ ತೇಲಿ ಬಂತು. ಅಂಚು ಮೇಲಕ್ಕೆ ಮಡಚಿಕೊಂಡು ಪುಟ್ಟ ದೋಣಿ ಹಾಗೆ ಇತ್ತು, ಒಳಗೆ ಬೊಗಸೆಯಷ್ಟು ನೀರು. ಅದು ಕ್ಯಾಮೆರಾ ಬಳಸಿಕೊಂಡು ನಿಧಾನಕ್ಕೆ ಆಚೆ ಹೋಗಿ ಮಂಜಿನಲ್ಲಿ ಕರಗಿತು. ನನ್ನ ಜೀವನದಲ್ಲಿ ನಾನು ತೆಗೆದ ಅತ್ಯಂತ ಚಂದದ ಎರಡು ನಿಮಿಷ ಅದು. ಇದೇ ಚಿತ್ರದ ಕೊನೆ, ನದಿ ಸಮುದ್ರ ಸೇರುವ ದೃಶ್ಯ ಅಂತ ಅಲ್ಲೇ ತೀರ್ಮಾನ ಮಾಡಿದೆ.

ಈಗ ತಪ್ಪಿಗೆ ಬರುತ್ತೇನೆ. ಇದನ್ನು ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

360 ವಿಡಿಯೋದಲ್ಲಿ ‘ಮುಂದೆ’ ಅನ್ನುವುದು ತಾನಾಗಿ ಇರುವುದಿಲ್ಲ. ಕ್ಯಾಮೆರಾ ಎಲ್ಲ ದಿಕ್ಕನ್ನೂ ಒಟ್ಟಿಗೆ ಹಿಡಿಯುತ್ತದೆ. ನೋಡುವವರ ಮುಖ ಎತ್ತ ಇರಬೇಕು ಅಂತ ಎಡಿಟಿಂಗ್‌ನಲ್ಲಿ ನಾವು ಹೇಳಬೇಕು. ಎರಡು ತಿಂಗಳಾದ ಮೇಲೆ ಹುಬ್ಬಳ್ಳಿಯಲ್ಲಿ ಕುಳಿತು ಆ ಮಂಜಿನ ಕ್ಲಿಪ್ ತೆರೆದೆ. ಗುರುತಿಗೆ ಏನೂ ಇಲ್ಲ. ಹಾಳೆ ಒಂದೇ ಇದೆ. ನದಿ ಸಮುದ್ರಕ್ಕೆ ಹರಿಯುತ್ತದೆ ಅಲ್ವಾ? ಹಾಗಾದರೆ ಹಾಳೆ ಹೋದ ಕಡೆಯೇ ಸಮುದ್ರ. ಅದನ್ನೇ ‘ಮುಂದೆ’ ಅಂತ ಇಟ್ಟೆ.

ಹೆಡ್‌ಫೋನ್ ಹಾಕಿಕೊಂಡರೆ ಅಲೆಗಳ ಮೊರೆತ ಹಿಂದಿನಿಂದ ಬರುತ್ತಿತ್ತು. ನಾಲ್ಕು ಮೈಕಿನ ರೆಕಾರ್ಡಿಂಗ್‌ನಲ್ಲಿ ಯಾವ ಸದ್ದು ಯಾವ ದಿಕ್ಕಿನದು ಅನ್ನುವುದೂ ದಾಖಲಾಗುತ್ತದೆ. ಆಂಬಿಸೋನಿಕ್ ಅನ್ನುತ್ತಾರೆ. ಎರಡನೆಯ ದಿನ ಒಮ್ಮೆ ಗಡಿಬಿಡಿಯಲ್ಲಿ ರೆಕಾರ್ಡರ್ ಹಿಂದುಮುಂದಾಗಿ ಕೂತಿತ್ತು. ಇದೂ ಅದೇ ಕಥೆ ಅಂದುಕೊಂಡೆ. ಸೌಂಡನ್ನು 180 ಡಿಗ್ರಿ ತಿರುಗಿಸಿದೆ. ಈಗ ಮೊರೆತ ಮುಂದಿನಿಂದ ಬಂತು, ಹಾಳೆಯೂ ಮುಂದೆ ಹೋಯಿತು. ಎಲ್ಲ ಸರಿಹೋಯಿತು ಅನಿಸಿತು.

ಗೆಳೆಯ ಒಂದು ಮಾತು ಹೇಳಿದ್ದ. ‘ಮೈಕ್ ಸರಿ ಇತ್ತೋ, ನಾನೇ ನೋಡೇನಿ.’ ನಾನು ಕೇಳಲಿಲ್ಲ. ಆ ಎರಡು ನಿಮಿಷದಲ್ಲಿ ನಿಜ ಹೇಳುತ್ತಿದ್ದದ್ದು ಆ ಸದ್ದು ಒಂದೇ. ನಾನು ಅದನ್ನೇ ತಿದ್ದಿದೆ.

ಆಮೇಲೆ ಡೋಮ್. ಐದು ಮೀಟರ್‌ನ ಗಾಳಿ ತುಂಬುವ ಗುಮ್ಮಟ ಬಾಡಿಗೆಗೆ ಸಿಕ್ಕಿತ್ತು, ಶಾಲೆಗಳಿಗೆ ನಕ್ಷತ್ರ ತೋರಿಸಲು ಬರುತ್ತದಲ್ಲ, ಅಂಥದ್ದು. ಅದಕ್ಕೆ ಚೌಕದೊಳಗಿನ ದುಂಡನೆ ಚಿತ್ರ ಬೇಕು, 4096ಕ್ಕೆ 4096 ಚುಕ್ಕಿ (ಪಿಕ್ಸೆಲ್). ಇಲ್ಲಿ ಯಾರೂ ಮೊದಲೇ ಹೇಳದ ಒಂದು ತೊಡಕಿದೆ. ಗುಮ್ಮಟ ಇರುವುದು ಆಕಾಶಕ್ಕೆ. ದಿಗಂತ ಅದರ ಅಂಚಿಗೆ ಬರುತ್ತದೆ, ದಿಗಂತದ ಕೆಳಗಿನದು ಕಾಣುವುದೇ ಇಲ್ಲ. ನದಿ ಇರುವುದೆಲ್ಲ ದಿಗಂತದ ಕೆಳಗೆ! ಹಾಗಾಗಿ ಇಡೀ ಚಿತ್ರವನ್ನು ಮೂವತ್ತು ಮೂವತ್ತೈದು ಡಿಗ್ರಿ ಓರೆ ಮಾಡಿ ಮುಂದಿನ ನೀರನ್ನು ಮೇಲೆತ್ತಬೇಕು. ಎತ್ತಿದರೆ ಮುಂದೆ ನೀರು ತುಂಬಿಕೊಳ್ಳುತ್ತದೆ, ಹಿಂದೆ ಬರೀ ಆಕಾಶ ಉಳಿಯುತ್ತದೆ. ಅಂದರೆ ‘ಮುಂದೆ’ ಯಾವುದು ಅನ್ನುವ ನನ್ನ ತೀರ್ಮಾನ ಈಗ ಗಟ್ಟಿಯಾಗಿ ಕೂತುಬಿಟ್ಟಿತು. ಅದರ ಮೇಲೆ ಹೆಸರುಗಳು, ಅದರ ಮೇಲೆ ನಿರೂಪಣೆ. ‘ನಿಮ್ಮ ಎದುರಿಗೆ ಈಗ ಸಮುದ್ರ’ ಅಂತ ಒಂದು ಸಾಲು ಬೇರೆ ಬರೆಸಿದ್ದೆ.

ಹುಬ್ಬಳ್ಳಿಯಲ್ಲಿ ಒಂದು ಕಲ್ಯಾಣ ಮಂಟಪದಲ್ಲಿ ತೋರಿಸಿದೆ. ಹದಿನೈದು ಹದಿನೈದು ಜನ ಒಳಗೆ. ಕೆಲವರು ಕಣ್ಣೊರೆಸಿಕೊಂಡು ಹೊರಗೆ ಬಂದರು. ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಕಾಣುವುದಾದರೂ ಹೇಗೆ, ನಾವೆಲ್ಲ ಬಯಲುಸೀಮೆಯವರು. ನಮ್ಮ ಹಳ್ಳ ಒಂದೇ ಕಡೆ ಹರಿಯುತ್ತದೆ, ಇಲ್ಲಾಂದ್ರೆ ಒಣಗಿರುತ್ತದೆ.

ಅದಾದ ಮೇಲೆ ಅದೇ ಗುಮ್ಮಟ ಹೊತ್ತುಕೊಂಡು ಅಳಿವೆಯ ಊರಿಗೆ ಹೋದೆ. ಶಾಲೆಯ ಕೋಣೆಯಲ್ಲಿ ಹಾಕಿದೆ. ಮೊದಲ ಸರದಿಯಲ್ಲೇ ನಮಗೆ ದೋಣಿ ಕೊಟ್ಟಿದ್ದ ಅಜ್ಜ ಕುಳಿತಿದ್ದರು. ಕೊನೆಯ ದೃಶ್ಯ ಬಂತು. ಹಾಳೆ ಬಂತು. ಅವರು ಕತ್ತಲಲ್ಲಿ ಮೈ ತಿರುಗಿಸಿ ಹಿಂದೆ ನೋಡಿದರು. ಪಕ್ಕದ ಹೆಂಗಸರೂ ತಿರುಗಿದರು. ದೀಪ ಹಾಕಿದ ಮೇಲೆ ಅಜ್ಜ ಕೇಳಿದರು.

‘ಎಂತಕ್ಕೆ ತಮಾ, ನಮ್ಮನ್ನ ಸಮುದ್ರಕ್ಕೆ ಬೆನ್ನು ಹಾಕಿ ಕೂರ್ಸಿದ್ದೆ?’

‘ಇಲ್ಲ ಅಜ್ಜಾ, ಸಮುದ್ರ ಎದುರಿಗೇ ಇತ್ತಲ್ಲ.’

‘ಆ ಹಾಳೆ ಎತ್ಲಾಗೆ ಹೋಯ್ತು ನೋಡಿದ್ಯಾ? ಅಮಾಸೆ ಭರತಿ ನೀರು ಅದು. ಹಾಳೆ ಮೇಲೆ ಹೋಯ್ತು. ಘಟ್ಟದ ಬದಿಗೆ.’

ನನಗೆ ತಕ್ಷಣ ಅರ್ಥ ಆಗಲಿಲ್ಲ. ಅವರು ಸಿಟ್ಟಾಗಿರಲಿಲ್ಲ. ಕೈ ಹಿಡಿದು ದಂಡೆಗೆ ಕರೆದುಕೊಂಡು ಹೋಗಿ ಒಂದು ತೆಂಗಿನ ಸಿಪ್ಪೆ ಎಸೆದರು. ಅದು ನಿಧಾನಕ್ಕೆ ಊರಿನ ಕಡೆ, ಘಟ್ಟದ ಕಡೆ ಹೊರಟಿತು. ನದಿ ಹಿಂದಕ್ಕೆ ಹರಿಯುತ್ತಿತ್ತು. ನಾನು ಒಂಬತ್ತು ದಿನ ಅಲ್ಲೇ ಇದ್ದು ಅದನ್ನು ನೋಡಿರಲಿಲ್ಲ.

ಲೆಕ್ಕ ಹೀಗಿದೆ. ಆ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಒಂದು ಸುತ್ತು ಪೂರ್ತಿ ಆಗಲು 24 ತಾಸು 50 ನಿಮಿಷ ಬೇಕು, ಯಾಕಂದರೆ ಚಂದ್ರ ದಿನಾ ಅಷ್ಟು ತಡವಾಗಿ ಬರುತ್ತಾನೆ. ಹಾಗಾಗಿ ಭರತಿಯ, ಅಂದರೆ ಉಬ್ಬರದ, ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಏಳು ದಿನಕ್ಕೆ ಹೆಚ್ಚುಕಡಿಮೆ ಆರು ತಾಸು. ನಾನು ಮೊದಲ ದಿನ ಹೋದದ್ದು ಅಷ್ಟಮಿ ಬೆಳಿಗ್ಗೆ, ಆಗ ಅದೇ ಹೊತ್ತಿಗೆ ನೀರು ಇಳಿಯುತ್ತಿತ್ತು. ಎಂಟನೆಯ ದಿನ, ಅದೇ ಆರೂಮುಕ್ಕಾಲಕ್ಕೆ, ಏರುತ್ತಿತ್ತು. ಅಷ್ಟಮಿ ಹೊತ್ತಿಗೆ ಉಬ್ಬರ ಸಣ್ಣದು. ಅಮಾವಾಸ್ಯೆ ಹುಣ್ಣಿಮೆಗೆ ದೊಡ್ಡದು, ಸೆಳೆತವೂ ಜೋರು. ಅದಕ್ಕೇ ಹಾಳೆ ಅಷ್ಟು ಚಂದ ಸಾಗಿದ್ದು. ನಾನು ಗಡಿಯಾರ ನೋಡಿ ದಿನಾ ಒಂದೇ ಹೊತ್ತಿಗೆ ಹೋಗುತ್ತಿದ್ದೆ. ನೀರಿನ ಲೆಕ್ಕದಲ್ಲಿ ಒಂಬತ್ತು ದಿನವೂ ಬೇರೆ ಬೇರೆ ಹೊತ್ತಿಗೆ ಹೋಗಿದ್ದೆ. ಕ್ಲಿಪ್‌ಗಳನ್ನು ಮತ್ತೆ ಹಾಕಿ ನೋಡಿದರೆ ಒಂದರಲ್ಲಿ ಕಂಬದ ಚಿಪ್ಪು ಹತ್ತಿದ ಭಾಗ ನೀರೊಳಗೆ, ಮುಂದಿನದರಲ್ಲಿ ಹೊರಗೆ. ಎಲ್ಲವೂ ಕಣ್ಣ ಮುಂದೆಯೇ ಇತ್ತು.

ಸರಿಪಡಿಸುವುದು ಸುಲಭ ಇರಲಿಲ್ಲ. ಹದಿನೆಂಟು ನಿಮಿಷ, ಸೆಕೆಂಡಿಗೆ 30 ಚೌಕಟ್ಟು, ಒಟ್ಟು 32,400. ಬಾಡಿಗೆ ಯಂತ್ರದಲ್ಲಿ ಒಂದೊಂದಕ್ಕೆ ಎಂಟು ಸೆಕೆಂಡ್ ಅಂದರೆ ಬರೀ ರೆಂಡರ್‌ಗೆ, ಅಂದರೆ ಅಷ್ಟೂ ಚೌಕಟ್ಟು ಹೊಸದಾಗಿ ತಯಾರಾಗಲು, ಮೂರು ಹಗಲು ಮೂರು ರಾತ್ರಿ. ನಿರೂಪಣೆ ಹೊಸದು. ಮತ್ತೆ ಮೂರು ಸಲ ಘಟ್ಟ ಇಳಿದೆ. ಚಿತ್ರವನ್ನು ಶಾಲೆಗಳಿಗೆ ಒಯ್ಯುತ್ತೇವೆ ಅಂದಿದ್ದ ಸಂಸ್ಥೆಯವರು ಹಿಂದೆ ಸರಿದರು. ನದಿ ಎತ್ತ ಹರಿಯುತ್ತಿದೆ ಅಂತ ತಪ್ಪು ಹೇಳುವ ಚಿತ್ರವನ್ನು ಮಕ್ಕಳಿಗೆ ತೋರಿಸೋಕಾಗಲ್ಲ ಅಂದರು. ಅವರ ಮಾತಲ್ಲಿ ತಪ್ಪಿರಲಿಲ್ಲ. ಹೆಚ್ಚುವರಿ ಖರ್ಚು ಒಂದು ಲಕ್ಷ ನಲವತ್ತು ಸಾವಿರ. ಒಂದೂವರೆ ವರ್ಷ ಹೋಯಿತು.

ಈಗ ನಿಮ್ಮ ಪ್ರಶ್ನೆಯ ಇನ್ನೊಂದು ಸಾಲು. ‘ವ್ಯರ್ಥವಾಗಿ ಸಮುದ್ರ ಸೇರುವ ನಮ್ಮ ನದಿಯ ಕೊನೆಯ ಕ್ಷಣ’ ಅಂತ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಗದಗ ಹಾವೇರಿಯ ನಮಗೆ ಈ ಮಾತು ಸಲೀಸಾಗಿ ಬರುತ್ತದೆ, ನೀರಿಗಾಗಿ ಕೊಡ ಹಿಡಿದು ನಿಂತವರು ನಾವು. ಬೇಡ್ತಿಯ ನೀರನ್ನು ವರದಾ ನದಿಗೆ ತಿರುಗಿಸುವ ಬೇಡ್ತಿ ವರದಾ ಜೋಡಣೆ ಬೇಕೋ ಬೇಡವೋ ಅನ್ನುವ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಆದರೆ ಅಳಿವೆಯಲ್ಲಿ ಒಂದು ತಿಂಗಳು ಕಳೆದವರು ‘ವ್ಯರ್ಥ’ ಅನ್ನುವ ಪದ ಬಳಸಲಾರರು. ಪಕ್ಕದ ಅಘನಾಶಿನಿ ನದಿಯಲ್ಲೇ ನೋಡಿ. ಉಪ್ಪುನೀರು ಹೊಕ್ಕುವ ತಗ್ಗಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ತಡೆಯುವ ಭತ್ತ ಅದು, ಆದರೂ ಮಳೆಗಾಲದ ಸಿಹಿನೀರು ಬಂದು ಮಣ್ಣಿನ ಉಪ್ಪು ತೊಳೆಯಬೇಕು. ಬೆಳಚು (ಚಿಪ್ಪುಮೀನು) ಆರಿಸುವವರು, ಸಿಗಡಿ ಹಿಡಿಯುವವರು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಎಲ್ಲ ಬದುಕಿರುವುದು ಉಪ್ಪು ಸಿಹಿ ಬೆರೆಯುವ ನೀರಿನಲ್ಲಿ. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್, ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ನಮ್ಮ ಗದಗಿನ ಮಾಗಡಿ ಕೆರೆಗೂ ಆಗಲೇ ಆ ಮಾನ್ಯತೆ ಸಿಕ್ಕಿತು. ಒಂದು ಬಯಲಿನ ಕೆರೆ, ಒಂದು ಕಡಲಿನ ಬಾಗಿಲು. ನನಗೆ ಬಹಳ ಖುಷಿಯಾದ ಸುದ್ದಿ ಅದು.

ಅದು ‘ಕೊನೆ’ ಕೂಡ ಅಲ್ಲ. ಬೇಸಿಗೆಯಲ್ಲಿ ಸಮುದ್ರವೇ ನದಿಯೊಳಗೆ ನಡೆದು ಬರುತ್ತದೆ. ಒಂದು ಕೆಲಸ ಮಾಡಿ. ಗಾಜಿನ ಲೋಟದಲ್ಲಿ ಅರ್ಧ ನೀರು ತೆಗೆದುಕೊಂಡು ಎರಡು ಚಮಚ ಉಪ್ಪು ಕರಗಿಸಿ, ಒಂದು ಹನಿ ನೀಲಿ ಶಾಯಿ ಹಾಕಿ. ಅದರ ಮೇಲೆ ಚಮಚದ ಬೆನ್ನಿನಿಂದ ಮೆಲ್ಲಗೆ ಸಾದಾ ನೀರು ಬಿಡಿ. ನೀಲಿ ಕೆಳಗೇ ಉಳಿಯುತ್ತದೆ. ಉಪ್ಪುನೀರು ಭಾರ. ಅಳಿವೆಯಲ್ಲೂ ಕಡಲ ನೀರು ಹೀಗೆ ಸಿಹಿನೀರಿನ ಕೆಳಗೆ ನುಸುಳುತ್ತದೆ. ಮೇಲಿನ ನೀರು ಹೊರಗೆ ಹೋಗುತ್ತಿರುವಾಗಲೇ ಕೆಳಗಿನದು ಒಳಗೆ ಬರುತ್ತಿರಬಹುದು. ಎರಡೂ ತಾಗುವ ಕಡೆ ಕ್ಯಾಮೆರಾ ಇಳಿಸಿದರೆ ಬೆಲ್ಲದ ಪಾಕಕ್ಕೆ ನೀರು ಬಿಟ್ಟಾಗ ಗೆರೆಗೆರೆಯಾಗಿ ನಡುಗುತ್ತದಲ್ಲ, ಹಾಗೆ ಕಾಣುತ್ತದೆ. ಇಮ್ಮರ್ಸಿವ್ ಚಿತ್ರಕ್ಕೆ ಇದಕ್ಕಿಂತ ಬೇರೆ ಏನು ಬೇಕು? ಹುಟ್ಟಿನಿಂದ ಸಾವಿನವರೆಗೆ ಅನ್ನುವ ನಿಮ್ಮ ಸ್ಕ್ರಿಪ್ಟ್ ಬಿಡಿ. ಅಳಿವೆಯಿಂದ ಶುರು ಮಾಡಿ.

ಉಪಕರಣದ ವಿಷಯ. ಸದ್ಯಕ್ಕೆ ಏನೂ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. 5.7ಕೆ ಕ್ಯಾಮೆರಾ ಅಂದರೆ ಸುತ್ತಲೂ ಸೇರಿ 5,760 ಚುಕ್ಕಿ, ಒಂದು ಡಿಗ್ರಿಗೆ ಹದಿನಾರು. ಹೆಡ್‌ಸೆಟ್‌ನಲ್ಲಿ ಒಮ್ಮೆಗೆ ಕಾಣುವುದು ಸುಮಾರು 90 ಡಿಗ್ರಿ, ಅಂದರೆ 1,440 ಚುಕ್ಕಿ. ಡಬ್ಬಿಯ ಮೇಲಿನ ಅಂಕಿ ನೋಡಿ ಮೋಸ ಹೋಗಬೇಡಿ. ದೋಣಿಯ ಗಳ, ಹಗ್ಗ, ಯಾವುದೂ ಲೆನ್ಸಿಗೆ ಒಂದು ಮೀಟರ್‌ಗಿಂತ ಹತ್ತಿರ ಬರಬಾರದು, ಎರಡು ಲೆನ್ಸಿನ ಚಿತ್ರಗಳನ್ನು ಸೇರಿಸಿ ಹೊಲಿಯುವ ಗೆರೆಯಲ್ಲಿ ಮುರಿದು ಕಾಣುತ್ತದೆ. ಕ್ಯಾಮೆರಾ ನಿಂತಲ್ಲೇ ನಿಲ್ಲಲಿ. ದೋಣಿ ತೂಗಿದರೆ ನೋಡುವವರಿಗೆ ವಾಕರಿಕೆ ಬರುತ್ತದೆ.

ಹೆಡ್‌ಸೆಟ್ ನನಗೆ ಇಷ್ಟವಿಲ್ಲ. ನಾಲ್ಕು ಹೆಡ್‌ಸೆಟ್ ಇದ್ದು ಅರವತ್ತು ಜನ ಬಂದರೆ ಹದಿನೈದು ಸರದಿ, ಅಂದರೆ ನಾಲ್ಕೂವರೆ ತಾಸು. ಅದಕ್ಕಿಂತ ದೊಡ್ಡ ಕಾರಣ, ಅಜ್ಜನ ಜೊತೆ ಪಕ್ಕದ ಹೆಂಗಸರೂ ತಿರುಗಿದರು ಅಂದೆನಲ್ಲ, ಹೆಡ್‌ಸೆಟ್ ಆಗಿದ್ದರೆ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಡೋಮ್ ವಾಸಿ, ಓರೆ ಮಾಡಲು ಕಲಿತರೆ. ಆದರೆ ನಿಮ್ಮ ಮೂರು ಲಕ್ಷದಲ್ಲಿ ಮೊದಲ ಹಣ ಸದ್ದಿಗೆ ಹಾಕಿ. ನಾಲ್ಕು ಮೈಕಿನ ರೆಕಾರ್ಡರ್, ನೀರೊಳಗೆ ಬಿಡುವ ಒಂದು ಮೈಕ್. ಅದನ್ನು ಬಂಡೆಗಳ ಹತ್ತಿರ ಇಳಿಸಿದಾಗ ಕೇಳಿದ್ದು ನನಗೆ ಇನ್ನೂ ನೆನಪಿದೆ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಮಿರ್ಚಿಯನ್ನು ಎಣ್ಣೆಗೆ ಬಿಟ್ಟ ಹಾಗೆ ಎಡೆಬಿಡದೆ ಚಟಪಟ. ಸಣ್ಣ ಜಾತಿಯ ಸಿಗಡಿ ಕೊಂಡಿ ಬಡಿದು ಮಾಡುವ ಸದ್ದು ಅದು. ಕತ್ತಲೆ ಕೋಣೆ, ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್, ಚಿತ್ರ ಬೇಡವೇ ಬೇಡ, ಹತ್ತು ನಿಮಿಷ ಇದನ್ನು ಕೇಳಿಸಿ. ಜನ ಕಾಲು ಮೇಲೆತ್ತಿಕೊಂಡು ಕೂರುತ್ತಾರೆ.

ಅಂಕೋಲಾ ತಾಲೂಕಿನ ಶಿರೂರಿನ ಬಗ್ಗೆ ಒಂದು ಮಾತು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಕುಸಿದು ಹೆದ್ದಾರಿ ದಾಟಿ ಇದೇ ಗಂಗಾವಳಿಗೆ ಬಿತ್ತು. ಜನ ಜೀವ ಕಳೆದುಕೊಂಡರು. ಡ್ರೋನ್‌ನಿಂದ ಅದನ್ನು ತೆಗೆದು ಚಿತ್ರದ ನಡುವೆ ಇಡುವ ಯೋಚನೆ ಬರೆದಿದ್ದೀರಿ. ಆ ದಂಡೆಯ ಮನೆಗಳಿಗೆ ಹೋಗಿ ಕುಳಿತು ಮಾತಾಡದೆ ಅದನ್ನು ಮುಟ್ಟಬೇಡಿ. ಗುಮ್ಮಟದೊಳಗೆ ಅದನ್ನು ನೋಡುವವರಲ್ಲಿ ಅವರೂ ಇರುತ್ತಾರೆ.

ಜನವರಿಯ ಹತ್ತು ದಿನ ಸಾಲದು. ಕನಿಷ್ಠ ಹದಿನೈದು ದಿನ, ಒಂದು ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ. ಸಮುದ್ರದ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ (INCOIS) ಸಂಸ್ಥೆಯ ಜಾಲತಾಣದಲ್ಲಿ ಕಾರವಾರದ ಉಬ್ಬರ ಇಳಿತದ ಸಮಯ ಸಿಗುತ್ತದೆ. ನದಿಯ ಒಳಗೆ ಹೋದಷ್ಟೂ ಅದು ತಡವಾಗಿ ಮುಟ್ಟುತ್ತದೆ, ಎಷ್ಟು ತಡ ಅಂತ ನೀವೇ ಕೋಲು ಊರಿ ನೋಡಬೇಕು. ಮೊದಲ ಮೂರು ದಿನ ಕ್ಯಾಮೆರಾ ಚೀಲದಿಂದ ತೆಗೆಯಬೇಡಿ. ಜುಲೈನಲ್ಲಿ ಇನ್ನೊಮ್ಮೆ ಹೋಗಿ, ಆಗ ಕೆಂಪು ನೀರು ಉಪ್ಪನ್ನೆಲ್ಲ ಹೊರಗೆ ತಳ್ಳಿರುತ್ತದೆ, ನದಿಯೇ ಬೇರೆ. ಎಡಿಟ್ ಮಾಡಿದ ಮೊದಲ ತುಂಡನ್ನು ಹುಬ್ಬಳ್ಳಿಯಲ್ಲಿ ತೋರಿಸಬೇಡಿ. ಅಳಿವೆಯ ಊರಿನವರಿಗೇ ತೋರಿಸಿ, ಲ್ಯಾಪ್‌ಟಾಪ್‌ನಲ್ಲಾದರೂ ಸರಿ.

ನಾನು ಮತ್ತೆ ತೆಗೆದ ಕೊನೆಯ ದೃಶ್ಯ ಹೀಗಿದೆ. ಅಷ್ಟಮಿಯ ಮರುದಿನ, ಮಟಮಟ ಮಧ್ಯಾಹ್ನ, ಮದುವೆಯಲ್ಲಾದರೆ ನಾನು ಕ್ಯಾಮೆರಾ ಮುಟ್ಟದ ಬೆಳಕು. ಅಜ್ಜ ದೂರದಲ್ಲಿ ದೋಣಿಯ ಗಳ ಊರಿ ಕುಳಿತಿದ್ದರು. ನೀರಿನ ಮೇಲೆ ಒಂದು ಹಾಳೆ ಬಿಟ್ಟಿದ್ದೆವು. ಅದು ಸಮುದ್ರದ ಕಡೆ ಸಾಗಿತು, ನಿಧಾನವಾಯಿತು, ನಿಂತಿತು. ಹತ್ತು ನಿಮಿಷ ಹೆಚ್ಚುಕಡಿಮೆ ಅಲ್ಲೇ ಇತ್ತು. ಅಜ್ಜ ‘ಈಗ’ ಅಂದರು. ಹಾಳೆಯ ಮೂತಿ ಮೊದಲು ತಿರುಗಿತು, ಆಮೇಲೆ ಮೈ. ಹೋದ ದಾರಿಯಲ್ಲೇ ವಾಪಸ್ ಬಂದು ಕ್ಯಾಮೆರಾ ಕೆಳಗೆ ಹಾದು ಘಟ್ಟದ ಕಡೆ ಹೋಯಿತು. ಒಂದೂ ಕಟ್ ಇಲ್ಲದೆ ಇಪ್ಪತ್ತಾರು ನಿಮಿಷ ತೆಗೆದಿದ್ದೆ, ಅದರಲ್ಲಿ ಹನ್ನೊಂದು ನಿಮಿಷ ಚಿತ್ರದಲ್ಲಿದೆ. ಅಲೆಗಳ ಮೊರೆತ ಗೆಳೆಯ ರೆಕಾರ್ಡ್ ಮಾಡಿದ ದಿಕ್ಕಿನಲ್ಲೇ ಇದೆ.